ಚಟ ಬಿಡಿಸುವ ಮಾತ್ರೆ ತಗೊಳ್ಳುವಾಗ ಜೋರು ನೋವು ಬಂದರೆ ಏನು ಮಾಡಬೇಕು?

ರಾತ್ರಿ ಹತ್ತೂವರೆಗೆ ಫೋನ್ ಬಂತು. ಮಾತಾಡಿದ್ದು ನಮ್ಮ ಕೇಂದ್ರಕ್ಕೆ ಬರುವ ಒಬ್ಬ ಹುಡುಗನ ಅಕ್ಕ. ಅವನು ಹಿಂದಿನ ದಿನ ಬೆಳಿಗ್ಗೆ ಮಳೆಯಲ್ಲಿ ಬೈಕ್ ಸ್ಕಿಡ್ ಆಗಿ ಬಿದ್ದು, ಮೊಣಕಾಲಿನ ಕೆಳಗಿನ ಮೂಳೆ ಮುರಿದುಕೊಂಡಿದ್ದ. ಒಂದು ವರ್ಷದಿಂದ, ಹೆರಾಯಿನ್ ಥರದ ನಶೆಯ ಚಟ ಬಿಡಿಸುವ ಬ್ಯೂಪ್ರೆನಾರ್ಫಿನ್ ಮಾತ್ರೆ ತಪ್ಪದೆ ತಗೊಳ್ತಿದ್ದ, ಕೆಲಸಕ್ಕೂ ಹೋಗ್ತಿದ್ದ.

"ಸರ್, ಇಲ್ಲಿ ಆ ಮಾತ್ರೆ ನಿಲ್ಲಿಸಿ ಅಂದ್ರು, ನಿಲ್ಲಿಸಿದ್ವಿ. ನೋವಿಗೆ ಇಂಜೆಕ್ಷನ್ ಕೊಡಿ ಅಂದ್ರೆ, ಇವನಿಗೆ ಮತ್ತೆ ಚಟ ಹತ್ತುತ್ತೆ, ಬೇಡ ಅಂತಾರೆ. ಆಕಳಿಸ್ತಾನೆ, ಬೆವರ್ತಾನೆ, ಮೈಯೆಲ್ಲ ಮುಳ್ಳು ಎದ್ದಿದೆ. ನಾನೇನು ಮಾಡ್ಲಿ?"

ಮಾತ್ರೆ ತಪ್ಪಿದ್ದರಿಂದ ವಿಡ್ರಾಯಲ್, ಅಂದರೆ ರೂಢಿಯಾದ ಔಷಧಿ ಸಿಗದೆ ಮೈ ಪಡುವ ಒದ್ದಾಟ, ಶುರುವಾಗಿತ್ತು. ಮೇಲಿಂದ ಮುರಿದ ಕಾಲಿನ ನೋವು, ಅದಕ್ಕೂ ಏನೂ ಕೊಟ್ಟಿಲ್ಲ. ಆ ರಾತ್ರಿ ನಮ್ಮ ಡಾಕ್ಟರು ಆ ಆಸ್ಪತ್ರೆಯ ಅರಿವಳಿಕೆ ಡಾಕ್ಟರ ಜೊತೆ ಫೋನಿನಲ್ಲಿ ಮಾತಾಡಿ ಸರಿ ಮಾಡಿದರು. ಆದರೆ ಎಲ್ಲರಿಗೂ ಹತ್ತೂವರೆಗೆ ಫೋನ್ ಎತ್ತುವವರು ಸಿಗಬೇಕಲ್ಲ.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ, ವ್ಯಸನ ಚಿಕಿತ್ಸೆಯಲ್ಲಿ ಕೆಲಸ ಮಾಡುವ ಆಪ್ತಸಮಾಲೋಚಕ. ಇದನ್ನು ಓದಿ ನಿಮ್ಮಷ್ಟಕ್ಕೆ ನೀವು ಡೋಸ್ ಬದಲಾಯಿಸಬೇಡಿ. ಡಾಕ್ಟರ ಹತ್ತಿರ ಏನು ಹೇಳಬೇಕು, ಏನು ಕೇಳಬೇಕು, ಯಾವುದಕ್ಕೆ ಬೇಡ ಅನ್ನಬೇಕು, ಅಷ್ಟು ಗೊತ್ತಿರಲಿ.

ಮೊದಲು ಈ ಲೆಕ್ಕ ಅರ್ಥವಾಗಲಿ

ಮನೆಯಲ್ಲಿ ಹಳೇ ಸಾಲದ ಕಂತು ಕಟ್ಟುತ್ತೀರಿ. ಕಂತು ಕಟ್ಟಿದೀವಲ್ಲ ಅಂತ ಇವತ್ತಿನ ತರಕಾರಿ ಅಂಗಡಿಯವನು ಸುಮ್ನೆ ಸಾಮಾನು ಕೊಡ್ತಾನಾ? ದಿನಾ ತಗೊಳ್ಳುವ ಬ್ಯೂಪ್ರೆನಾರ್ಫಿನ್ ಅಥವಾ ಮೆಥಡೋನ್ ಆ ಕಂತಿನ ಹಾಗೆ. ಅದು ವಿಡ್ರಾಯಲ್ ಬರದ ಹಾಗೆ, ನಶೆಯ ಆಸೆ ಏಳದ ಹಾಗೆ ನೋಡಿಕೊಳ್ಳುತ್ತೆ. ಹೊಸದಾಗಿ ಮುರಿದ ಮೂಳೆಯ ನೋವು ಬೇರೆ ಖರ್ಚು. ಅದಕ್ಕೆ ಬೇರೆ ದುಡ್ಡೇ ಬೇಕು.

"ಇವನು ಹೇಗೂ ಅಷ್ಟು ಸ್ಟ್ರಾಂಗ್ ಮಾತ್ರೆ ತಗೊಳ್ತಾನೆ, ಇನ್ನೆಂಥ ನೋವು?" ಅಂತ ಕೇಳುವವರಿದ್ದಾರೆ. ನರ್ಸ್‌ಗಳೂ ಕೇಳ್ತಾರೆ, ಮನೆಯವರೂ ಕೇಳ್ತಾರೆ. ಬ್ಯೂಪ್ರೆನಾರ್ಫಿನ್ ಆಸೆಯನ್ನು ತಡೆಯುವುದು 24 ಗಂಟೆ, ಕೆಲವೊಮ್ಮೆ ಇನ್ನೂ ಜಾಸ್ತಿ ಹೊತ್ತು. ನೋವು ತಡೆಯುವ ಶಕ್ತಿ ಮಾತ್ರ 6ರಿಂದ 8 ಗಂಟೆಗೆ ಮುಗಿಯುತ್ತೆ. ಮೆಥಡೋನ್ ಕಥೆಯೂ ಹೆಚ್ಚುಕಡಿಮೆ ಅದೇ. ಬೆಳಿಗ್ಗೆ 9ಕ್ಕೆ ತಗೊಂಡ ಮಾತ್ರೆಯಿಂದ ರಾತ್ರಿಯ ನೋವಿಗೆ ಏನೂ ಸಿಗಲ್ಲ.

ಇನ್ನೊಂದು ವಿಷಯ ಇದೆ. ವರ್ಷಗಟ್ಟಲೆ ಓಪಿಯಾಯ್ಡ್ (ಮಾರ್ಫಿನ್, ಹೆರಾಯಿನ್, ಮೆಥಡೋನ್ ಥರದ ಅಫೀಮಿನ ಜಾತಿಯವು) ತಗೊಂಡವರಿಗೆ ನೋವು ಜಾಸ್ತಿಯೇ ಆಗುತ್ತೆ. ಐಸ್ ನೀರಲ್ಲಿ ಕೈ ಇಟ್ಟು ಎಷ್ಟು ಹೊತ್ತು ತಡೀತಾರೆ ಅಂತ ನೋಡುವ ಪ್ರಯೋಗಗಳನ್ನು ಮಾಡಿದ್ದಾರೆ. ಮೆಥಡೋನ್ ತಗೊಳ್ಳುವವರು ಬೇರೆಯವರಿಗಿಂತ ಎಷ್ಟೋ ಮೊದಲೇ ಕೈ ತೆಗೆದುಬಿಟ್ಟಿದ್ದಾರೆ. ಹಾಗಾಗಿ "ನಾಟಕ ಮಾಡ್ತಾನೆ" ಅನ್ನುವ ಮೊದಲು ಇದು ನೆನಪಿರಲಿ.

ನಿಮ್ಮದು ಯಾವ ಮಾತ್ರೆ, ತಿಳ್ಕೊಳ್ಳಿ

"ಚಟ ಬಿಡೋ ಮಾತ್ರೆ", "ನಾಲಿಗೆ ಅಡಿ ಇಡೋ ಮಾತ್ರೆ" ಅಂದರೆ ಕ್ಯಾಶುಯಲ್ಟಿ ಡಾಕ್ಟರಿಗೆ ಏನೂ ಗೊತ್ತಾಗಲ್ಲ. ಮೂರು ಔಷಧಿಗಳಿವೆ, ಮೂರರ ನಿಯಮವೂ ಬೇರೆ.

ಬಸ್ಸಿನ ಸೀಟು ನೆನಪು ಮಾಡಿಕೊಳ್ಳಿ. ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತೇವಲ್ಲ, ಹಾಗೆ. ಮೆದುಳಿನಲ್ಲಿ ಓಪಿಯಾಯ್ಡ್ ಕೂರುವ ಸೀಟುಗಳಿವೆ. ಮಾರ್ಫಿನ್ ಅಲ್ಲೇ ಕೂತು ನೋವು ಇಳಿಸುತ್ತೆ. ಹೆರಾಯಿನ್, ಟ್ಯಾಪೆಂಟಡಾಲ್ ಅನ್ನುವ ನೋವಿನ ಮಾತ್ರೆ ಕೂರುವುದೂ ಅಲ್ಲೇ.

ಬ್ಯೂಪ್ರೆನಾರ್ಫಿನ್ ಟವೆಲ್ ಹಾಕಿದರೆ ಮುಗೀತು, ಅದನ್ನು ಎಬ್ಬಿಸುವುದು ಕಷ್ಟ. ಕೂತು ಸ್ವಲ್ಪ ಕೆಲಸವನ್ನೂ ಮಾಡುತ್ತೆ, ಪೂರ್ತಿ ಅಲ್ಲ. ಆದರೆ ಎಲ್ಲ ಸೀಟೂ ಅದರದ್ದೇ ಆಗಿರಲ್ಲ, ಅಲ್ಲೊಂದು ಇಲ್ಲೊಂದು ಖಾಲಿ ಇರುತ್ತೆ. ನಮ್ಮಲ್ಲಿ ಇದನ್ನು ಹೆಚ್ಚಾಗಿ ನಲಾಕ್ಸೋನ್ (ಓಪಿಯಾಯ್ಡ್ ಕೆಲಸ ತಡೆಯುವ ಔಷಧಿ) ಸೇರಿಸಿ ಕೊಡ್ತಾರೆ, 2 ಮಿ.ಗ್ರಾಂ ಬ್ಯೂಪ್ರೆನಾರ್ಫಿನ್‌ಗೆ 0.5 ಮಿ.ಗ್ರಾಂ ನಲಾಕ್ಸೋನ್. ನಾಲಿಗೆ ಅಡಿ ಇಟ್ಟಾಗ ನಲಾಕ್ಸೋನ್ ಮೈಗೆ ಹತ್ತುವುದು ತೀರಾ ಕಡಿಮೆ. ಪುಡಿ ಮಾಡಿ ಚುಚ್ಚಿಕೊಂಡರೆ ಮಾತ್ರ ಅದು ಕಾಟ ಕೊಡುತ್ತೆ.

ಮೆಥಡೋನ್ ಸಿರಪ್ ಸೀಟಿನಲ್ಲಿ ಕೂತು ಪೂರ್ತಿ ಕೆಲಸ ಮಾಡುತ್ತೆ. ಅದರ ಮೇಲೆ ಬೇರೆ ನೋವಿನ ಔಷಧಿ ಕೊಡುವುದು ಸುಲಭ, ಆದರೆ ಲೆಕ್ಕ ತಪ್ಪಿದರೆ ಉಸಿರು ನಿಧಾನವಾಗುವ ಅಪಾಯ ಇದೆ.

ನಾಲ್ಟ್ರೆಕ್ಸೋನ್ ಮಾತ್ರ ತೀರಾ ಬೇರೆ. ಟವೆಲ್ ಹಾಕುತ್ತೆ, ತಾನೂ ಕೂರಲ್ಲ, ಬೇರೆಯವರನ್ನೂ ಕೂರೋಕೆ ಬಿಡಲ್ಲ. ಮಾರ್ಫಿನ್ ಕೊಟ್ಟರೂ ನೋವು ಇಳಿಯಲ್ಲ. ಇಲ್ಲಿ ಒಂದು ಮಾತು: ನಾಲ್ಟ್ರೆಕ್ಸೋನನ್ನು ಕುಡಿತ ಬಿಡಿಸುವುದಕ್ಕೂ ಕೊಡ್ತಾರೆ. "ನಮ್ಮ ಮನೆಯವರಿಗೆ ಡ್ರಗ್ಸ್ ಏನಿಲ್ಲ, ಕುಡಿತ ಅಷ್ಟೇ" ಅಂತ ಇದನ್ನು ಓದದೆ ಬಿಡಬೇಡಿ. ಮಾತ್ರೆಯ ಸ್ಟ್ರಿಪ್ ತಿರುಗಿಸಿ ಹೆಸರು ನೋಡಿ.

ಇವತ್ತೇ ಒಂದು ಚೀಟಿ ಬರೆದಿಡಿ

ನೋವು ಬಂದಮೇಲೆ ಯಾರಿಗೂ ಸರಿಯಾಗಿ ಮಾತಾಡೋಕೆ ಆಗಲ್ಲ. ಆರಾಮಾಗಿರುವಾಗಲೇ ನಿಮ್ಮ ಚಿಕಿತ್ಸೆಯ ಡಾಕ್ಟರ ಹತ್ತಿರ ಕೂತು ಒಂದು ಚೀಟಿ ಬರೆಸಿ, ಸಹಿ ಹಾಕಿಸಿ. ಇಂಗ್ಲಿಷಿನಲ್ಲಿ ಇದ್ದರೆ ಡ್ಯೂಟಿ ಡಾಕ್ಟರಿಗೆ ಓದೋಕೆ ಅನುಕೂಲ. ಅದರಲ್ಲಿ ಇರಬೇಕಾದದ್ದು ಇಷ್ಟು:

"ಇವರು ಓಪಿಯಾಯ್ಡ್ ಅವಲಂಬನೆಗೆ ಚಿಕಿತ್ಸೆಯಲ್ಲಿದ್ದಾರೆ. ಬ್ಯೂಪ್ರೆನಾರ್ಫಿನ್–ನಲಾಕ್ಸೋನ್, ದಿನಕ್ಕೆ 8 ಮಿ.ಗ್ರಾಂ, ನಾಲಿಗೆ ಕೆಳಗೆ. ದಯವಿಟ್ಟು ನಿಲ್ಲಿಸಬೇಡಿ. ಹೊಸ ನೋವಿಗೆ ಬೇರೆಯಾಗಿ ಚಿಕಿತ್ಸೆ ಕೊಡಿ. ಪೆಂಟಜೋಸಿನ್, ಬ್ಯುಟಾರ್ಫನಾಲ್, ನಾಲ್ಬುಫಿನ್ ಕೊಡಬೇಡಿ. ಲಿವರ್, ಕಿಡ್ನಿ ತೊಂದರೆ: ಇದೆ/ಇಲ್ಲ. ಅನುಮಾನ ಇದ್ದರೆ ಈ ನಂಬರಿಗೆ ಫೋನ್ ಮಾಡಿ."

8 ಮಿ.ಗ್ರಾಂ ಅಂತ ಉದಾಹರಣೆಗೆ ಬರೆದಿದ್ದು, ನಿಮ್ಮ ಡೋಸ್ ಹಾಕಿಸಿ. ಕೆಳಗೆ "ಕೊನೆಯ ಡೋಸ್ ತಗೊಂಡ ದಿನ, ಹೊತ್ತು" ಅಂತ ಜಾಗ ಬಿಟ್ಟಿರಿ, ಆಸ್ಪತ್ರೆಗೆ ಹೋಗುವಾಗ ತುಂಬಬೇಕಾದ್ದು ಅದೊಂದೇ. ಒಂದು ಫೋಟೋ ನಿಮ್ಮ ಮೊಬೈಲಲ್ಲಿ, ಇನ್ನೊಂದು ಮನೆಯಲ್ಲಿ ನೀವು ನಂಬುವವರ ಮೊಬೈಲಲ್ಲಿ ಇರಲಿ. ಅಪಘಾತದಲ್ಲಿ ಮೊದಲು ಒಡೆಯುವುದು ನಿಮ್ಮ ಫೋನೇ!

ಹೇಳೋಕೆ ನಾಚಿಕೆ, ಹೆದರಿಕೆ ಇರುತ್ತೆ. ಗೊತ್ತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ವ್ಯಾಪ್ತಿಗೆ ಮದ್ಯ, ಡ್ರಗ್ಸ್ ಸಂಬಂಧದ ಕಾಯಿಲೆಗಳೂ ಬರುತ್ತವೆ. ಚಿಕಿತ್ಸೆಯ ವಿಷಯ ಗುಟ್ಟಾಗಿಡುವುದು ಡಾಕ್ಟರ ಕರ್ತವ್ಯ. ವಾರ್ಡಿನಲ್ಲಿ ಎಲ್ಲರ ಮುಂದೆ ಹೇಳಬೇಕಿಲ್ಲ. "ಡಾಕ್ಟ್ರೇ, ಒಂದು ನಿಮಿಷ ಒಬ್ಬರೇ ಮಾತಾಡಬೇಕು" ಅಂದರೆ ಸಾಕು. ಮುಚ್ಚಿಟ್ಟರೆ ಆಗುವ ತೊಂದರೆ ಹೇಳುವುದರಿಂದ ಆಗುವ ಮುಜುಗರಕ್ಕಿಂತ ದೊಡ್ಡದು.

ಹಲ್ಲುನೋವು, ಉಳುಕು: ಮನೆಯಲ್ಲಿ ಆಗುವಷ್ಟು

ಎಲ್ಲ ನೋವಿಗೂ ಆಸ್ಪತ್ರೆ ಬೇಡ. ದಿನದ ಮಾತ್ರೆಯನ್ನು ಮಾತ್ರ ಎಂದಿನ ಹಾಗೇ ತಗೊಳ್ಳಿ. "ಎರಡು ಮಾತ್ರೆ ಒಟ್ಟಿಗೆ ಬೇಡ, ಇವತ್ತು ಇದನ್ನು ಬಿಡೋಣ" ಅನ್ನುವ ಯೋಚನೆಯಿಂದಲೇ ಅರ್ಧ ತೊಂದರೆ ಶುರುವಾಗುವುದು.

ಉಳುಕಿದ್ದರೆ ಐಸನ್ನು ಬಟ್ಟೆಯಲ್ಲಿ ಸುತ್ತಿ 15–20 ನಿಮಿಷ ಇಡಿ, ಕಾಲು ದಿಂಬಿನ ಮೇಲಿರಲಿ. ಮಾತ್ರೆ ಬೇಕಾದರೆ ದೊಡ್ಡವರಿಗೆ ಪ್ಯಾರಾಸಿಟಮಾಲ್ 650, 6 ಗಂಟೆಗೊಂದು, ದಿನಕ್ಕೆ ನಾಲ್ಕು ದಾಟಬೇಡಿ. ಸೂಜಿ ಚುಚ್ಚಿಕೊಂಡು ಬಂದ ಹಲವರಿಗೆ ಹೆಪಟೈಟಿಸ್ ಸಿ ಇರುತ್ತೆ. ಲಿವರ್ ತೊಂದರೆ ಇದ್ದರೆ ಎಷ್ಟು ತಗೊಳ್ಳಬಹುದು ಅಂತ ಮೊದಲೇ ಕೇಳಿಡಿ. ಹಲ್ಲು ಕೀಳಿಸಿದ ನೋವಿಗೆ ಪ್ಯಾರಾಸಿಟಮಾಲ್ ಜೊತೆ ಐಬುಪ್ರೊಫೆನ್ 400, ಊಟ ಆದಮೇಲೆ, ದಿನಕ್ಕೆ ಮೂರು ಸಲ, ಎರಡು ಮೂರು ದಿನ. ಈ ಜೋಡಿ ಎಷ್ಟೋ ಓಪಿಯಾಯ್ಡ್ ಮಾತ್ರೆಗಳಿಗೆ ಕಡಿಮೆಯಿಲ್ಲದ ಹಾಗೆ ಕೆಲಸ ಮಾಡುತ್ತೆ. ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ ಇದ್ದವರು, ಬಸುರಿಯರು ಐಬುಪ್ರೊಫೆನ್ ಮುಟ್ಟಬೇಡಿ. ಜ್ವರ ಇದ್ದು ಡೆಂಗಿ ಅನುಮಾನ ಇದ್ದರೂ ಬೇಡ.

ಮೆಡಿಕಲ್ ಶಾಪಿನಲ್ಲಿ ಕೊಡುವ ಮಾತ್ರೆಯಲ್ಲಿ ಏನೇನಿದೆ ಅಂತ ಓದಿ. ಕಾಂಬಿಫ್ಲಾಮ್‌ನಲ್ಲಿ ಐಬುಪ್ರೊಫೆನ್ ಜೊತೆ ಪ್ಯಾರಾಸಿಟಮಾಲೂ ಇದೆ. ಅದರ ಮೇಲೆ ಡೋಲೊ ತಗೊಂಡರೆ ಲೆಕ್ಕ ಮೀರುತ್ತೆ. ಅಲ್ಟ್ರಾಸೆಟ್‌ನಲ್ಲಿ ಇರುವುದು ಟ್ರಮಡಾಲ್, ಅದು ಓಪಿಯಾಯ್ಡ್. 2018ರಲ್ಲಿ ಟ್ರಮಡಾಲ್ ಕೂಡ ಮಾದಕವಸ್ತು ಕಾಯ್ದೆಯೊಳಗೆ ಬಂತು. ಬ್ಯೂಪ್ರೆನಾರ್ಫಿನ್ ತಗೊಳ್ಳುವವರಿಗೆ ಅದರಿಂದ ನೋವು ಅಷ್ಟಾಗಿ ಇಳಿಯಲ್ಲ, ಫಿಟ್ಸ್ ಬರುವ ಅಪಾಯ ಬೇರೆ. ಟ್ಯಾಪೆಂಟಡಾಲ್ ಬಗ್ಗೆ ಹೇಳುವುದೇ ಬೇಡ, ಎಷ್ಟೋ ಜನ ಆ ಮಾತ್ರೆಯಿಂದಲೇ ನಮ್ಮ ಹತ್ತಿರ ಬಂದಿರೋದು. ಕೆಮ್ಮಿನ ಸಿರಪ್ ತಗೊಳ್ಳುವಾಗಲೂ ಕೊಡೀನ್ ಇದೆಯಾ ನೋಡಿ, ಅದೂ ಓಪಿಯಾಯ್ಡೇ.

ಹಲ್ಲಿನ ಡಾಕ್ಟರಿಗೂ ಚೀಟಿ ತೋರಿಸಿ. ಮರಗಟ್ಟಿಸುವ ಇಂಜೆಕ್ಷನ್‌ಗೂ ನಿಮ್ಮ ಮಾತ್ರೆಗೂ ಜಗಳ ಇಲ್ಲ, ಧೈರ್ಯವಾಗಿ ಹಾಕಿಸಿಕೊಳ್ಳಿ. ಕಿತ್ತ ಹಲ್ಲಿನ ನೋವು ದಿನ ದಿನಕ್ಕೆ ಇಳಿಯಬೇಕು. ಮೂರನೇ ದಿನ ಏರುತ್ತಿದ್ದರೆ ಮಾತ್ರೆ ಜಾಸ್ತಿ ಮಾಡಬೇಡಿ, ವಾಪಸ್ ಹೋಗಿ ತೋರಿಸಿ.

ಕ್ಯಾಶುಯಲ್ಟಿಯಲ್ಲಿ

ಮೂಳೆ ಮುರಿತ, ಸುಟ್ಟ ಗಾಯ, ಅಪೆಂಡಿಕ್ಸ್, ಕಿಡ್ನಿ ಕಲ್ಲು. ಇಂಥದ್ದಕ್ಕೆ ಐಸು, ಪ್ಯಾರಾಸಿಟಮಾಲ್ ಸಾಲಲ್ಲ. ಹೋಗುವಾಗ ಮೂರು ಕೈಯಲ್ಲಿರಲಿ: ಚೀಟಿ, ಮನೆಯಲ್ಲಿ ಉಳಿದಿರುವ ಮಾತ್ರೆಗಳ ಸ್ಟ್ರಿಪ್, ಜೊತೆಗೆ ಒಬ್ಬರು. ಎಷ್ಟೋ ಆಸ್ಪತ್ರೆಗಳ ಔಷಧಿ ಅಂಗಡಿಯಲ್ಲಿ ಬ್ಯೂಪ್ರೆನಾರ್ಫಿನ್ ನಾಲಿಗೆ ಮಾತ್ರೆ ಸಿಗಲ್ಲ, ಅದಕ್ಕೇ ನಿಮ್ಮದು ಒಯ್ಯಬೇಕು. ಒಯ್ದದ್ದನ್ನು ಸಿಸ್ಟರ್ ಕೈಗೆ ಕೊಟ್ಟು ಬರೆಸಿ. ದಿಂಬಿನ ಕೆಳಗೆ ಇಟ್ಟುಕೊಂಡು ಸಿಕ್ಕಿಬಿದ್ದರೆ ಆಮೇಲೆ ನೀವು ಹೇಳುವುದನ್ನು ಯಾರೂ ನಂಬಲ್ಲ.

ಸರ್ಕಾರಿ ಓಎಸ್‌ಟಿ (ನಶೆಯ ಬದಲು ಈ ಔಷಧಿಗಳನ್ನು ಕೊಡುವ) ಕೇಂದ್ರದಲ್ಲಿ ದಿನಾ ಸಿಸ್ಟರ್ ಎದುರೇ ಡೋಸ್ ತಗೊಳ್ಳುವವರ ಹತ್ತಿರ ಮನೆಯಲ್ಲಿ ಮಾತ್ರೆ ಇರಲ್ಲ. ಅಡ್ಮಿಟ್ ಆದ ತಕ್ಷಣ ಮನೆಯವರು ಮಾಡಬೇಕಾದ ಮೊದಲ ಕೆಲಸ ಕೇಂದ್ರಕ್ಕೆ ಫೋನ್. ಡೋಸ್ ಎಷ್ಟು, ಕೊನೆಗೆ ಕೊಟ್ಟದ್ದು ಯಾವಾಗ ಅಂತ ಕೇಂದ್ರದವರೇ ವಾರ್ಡಿನ ಡಾಕ್ಟರಿಗೆ ಹೇಳಲಿ. ಮೆಥಡೋನ್ ಆದರೆ ಇದು ಇನ್ನೂ ಮುಖ್ಯ. ಮೂರು ನಾಲ್ಕು ದಿನ ತಪ್ಪಿದವರಿಗೆ ಹಳೇ ಡೋಸನ್ನು ಹಾಗೇ ಕೊಟ್ಟರೆ ಉಸಿರೇ ನಿಲ್ಲಬಹುದು.

ಡಾಕ್ಟರ ಹತ್ತಿರ ಹೇಗೆ ಮಾತಾಡಬೇಕು? "ಸ್ಟ್ರಾಂಗ್ ಇಂಜೆಕ್ಷನ್ ಕೊಡಿ" ಅಂತ ಶುರು ಮಾಡಬೇಡಿ. ಯಾವ ಔಷಧಿ ಬೇಕು ಅಂತ ಹೆಸರು ಹಿಡಿದು ಕೇಳಿದರೆ ಅನುಮಾನ ಬಂದೇ ಬರುತ್ತೆ. ಹೀಗೆ ಹೇಳಿ ನೋಡಿ: "ಡಾಕ್ಟ್ರೇ, ನಾನು ಇಂಥ ಚಿಕಿತ್ಸೆಯಲ್ಲಿದೀನಿ, ಇದು ನನ್ನ ಚೀಟಿ. ಕೊನೆಯ ಮಾತ್ರೆ ಇವತ್ತು ಬೆಳಿಗ್ಗೆ 9ಕ್ಕೆ. ನೋವು ಎಷ್ಟಿದೆ ಅಂದ್ರೆ ಕಾಲು ಅಲ್ಲಾಡಿಸೋಕೆ ಆಗ್ತಿಲ್ಲ, ಕೆಮ್ಮಿದ್ರೂ ಜೀವ ಹೋಗುತ್ತೆ. ಮಾತ್ರೆ ನಿಲ್ಲಿಸದೆ ನೋವಿಗೆ ಏನು ಮಾಡಬಹುದು?" ಹತ್ತಕ್ಕೆ ಒಂಬತ್ತು ನೋವು ಅನ್ನುವುದಕ್ಕಿಂತ, ನೋವಿನಿಂದ ಏನು ಮಾಡೋಕೆ ಆಗ್ತಿಲ್ಲ ಅಂತ ಹೇಳಿದರೆ ಎದುರಿನವರಿಗೆ ಬೇಗ ಅರ್ಥ ಆಗುತ್ತೆ.

ಇನ್ನು ಡಾಕ್ಟರ ಕೈಯಲ್ಲಿ ಏನೇನಿದೆ ನೋಡೋಣ. ಎಷ್ಟೋ ಇದೆ. ಕಿಡ್ನಿ ಕಲ್ಲಿನ ನೋವಿಗೆ ಡೈಕ್ಲೋಫಿನಾಕ್ ಇಂಜೆಕ್ಷನ್ ಚೆನ್ನಾಗಿ ಕೆಲಸ ಮಾಡುತ್ತೆ, ಓಪಿಯಾಯ್ಡ್ ಮಾತೇ ಬರಬೇಕಿಲ್ಲ. ಮುರಿದ ಕಾಲಿಗೆ ಮೊದಲು ಅಲ್ಲಾಡದ ಹಾಗೆ ಪಟ್ಟಿ ಕಟ್ಟಬೇಕು, ನೋವು ಒಂದು ಪಾಲು ಅಲ್ಲೇ ಇಳಿಯುತ್ತೆ. ಆಮೇಲೆ ನರದ ಬ್ಲಾಕ್. ಅರಿವಳಿಕೆ ಡಾಕ್ಟರು ಆ ಭಾಗದ ನರದ ಹತ್ತಿರ ಮರಗಟ್ಟಿಸುವ ಔಷಧಿ ಹಾಕ್ತಾರೆ. ಮೆದುಳಿನ ಸೀಟು ಖಾಲಿ ಇದ್ದರೂ ಇಲ್ಲದಿದ್ದರೂ ಇದಕ್ಕೆ ಲೆಕ್ಕವಿಲ್ಲ. ನಮ್ಮ ಬೈಕ್ ಹುಡುಗನಿಗೆ ಆ ರಾತ್ರಿ ಮಾಡಿದ್ದು ಇದನ್ನೇ. ಮಾತ್ರೆ ವಾಪಸ್ ಶುರು ಮಾಡಿ, ಬ್ಲಾಕ್ ಕೊಟ್ಟಮೇಲೆ ಬೆಳಗಿನ ಜಾವ ನಿದ್ದೆ ಹತ್ತಿತು ಅಂತ ಅಕ್ಕ ಮೆಸೇಜ್ ಹಾಕಿದಳು. ಓಪಿಯಾಯ್ಡ್ ಅಲ್ಲದ ಅರಿವಳಿಕೆ ಔಷಧಿ ಕೆಟಮಿನನ್ನೂ ಕಡಿಮೆ ಡೋಸಿನಲ್ಲಿ ಆಸ್ಪತ್ರೆಯಲ್ಲಿ ಕೊಡ್ತಾರೆ.

ಇಷ್ಟಕ್ಕೂ ಸಾಲದಿದ್ದರೆ ಬ್ಯೂಪ್ರೆನಾರ್ಫಿನನ್ನೇ ನೋವಿಗೆ ಬಳಸಿಕೊಳ್ಳಬಹುದು. ದಿನಕ್ಕೊಮ್ಮೆ 8 ಮಿ.ಗ್ರಾಂ ತಗೊಳ್ಳುವವರಿಗೆ ಅದನ್ನೇ ನಾಲ್ಕು ಪಾಲು ಮಾಡಿ 6 ಗಂಟೆಗೊಮ್ಮೆ 2 ಮಿ.ಗ್ರಾಂ ಕೊಡ್ತಾರೆ, ಇಲ್ಲವೇ ಕೆಲವು ದಿನಕ್ಕೆ ಸ್ವಲ್ಪ ಹೆಚ್ಚಿಸುತ್ತಾರೆ. ನೋವು ತಡೆಯುವ ಶಕ್ತಿ 6–8 ಗಂಟೆ ಅಂದೆನಲ್ಲ, ಅದೇ ಇಲ್ಲಿ ಉಪಯೋಗಕ್ಕೆ ಬರುತ್ತೆ. ಈ ಉಪಾಯ ಗೊತ್ತಿಲ್ಲದ ಡಾಕ್ಟರೂ ಇದ್ದಾರೆ. "ಡೋಸ್ ಪಾಲು ಮಾಡಿ ಕೊಡಬಹುದಾ, ನಮ್ಮ ಡಾಕ್ಟರನ್ನ ಕೇಳ್ತೀರಾ?" ಅಂತ ನೀವೇ ಕೇಳಿ. ಅದಕ್ಕೂ ಮೀರಿದ ನೋವಾದರೆ ಮಾರ್ಫಿನ್, ಫೆಂಟನಿಲ್ ಥರದ ಸ್ಟ್ರಾಂಗ್ ಓಪಿಯಾಯ್ಡ್. ಬ್ಯೂಪ್ರೆನಾರ್ಫಿನ್ ನಡೆಯುತ್ತಿರುವಾಗಲೇ ಕೊಡಬಹುದು. ಖಾಲಿ ಸೀಟು ಕಡಿಮೆ ಇರುವುದರಿಂದ ಬೇರೆಯವರಿಗಿಂತ ಜಾಸ್ತಿ ಬೇಕಾಗುತ್ತೆ, ಹಾಗಾಗಿ ಉಸಿರು, ಆಮ್ಲಜನಕ ನೋಡುತ್ತಾ ಆಸ್ಪತ್ರೆಯಲ್ಲೇ ಕೊಡಬೇಕು.

ಮೆಥಡೋನ್ ಆದರೆ ಅದು ನಡೆಯುತ್ತಿರಲಿ, ಅದರ ಮೇಲೆ ಮಾರ್ಫಿನ್ ಕೊಡ್ತಾರೆ. ಇವರಿಗೂ ಮಾಮೂಲಿ ಡೋಸ್ ಸಾಲಲ್ಲ. ಒಂದು ಇಸಿಜಿ ಮಾಡಿಸಲಿ. ಮೆಥಡೋನ್ ಹೃದಯದ ಬಡಿತದ ಮೇಲೆ ಕೈ ಮಾಡುತ್ತೆ. ವಾಂತಿಗೆ ಸಾಮಾನ್ಯವಾಗಿ ಕೊಡುವ ಒಂಡನ್‌ಸೆಟ್ರಾನ್ ಕೂಡ ಅದೇ ಕೆಲಸ ಮಾಡುತ್ತೆ, ಎರಡೂ ಸೇರಿದರೆ ಎಚ್ಚರ ಬೇಕು. ಟಿಬಿಗೆ ರಿಫಾಂಪಿಸಿನ್ ತಗೊಳ್ತಿದ್ದರೆ ಅದನ್ನೂ ಹೇಳಿ, ಅದು ಮೆಥಡೋನನ್ನು ಮೈಯಿಂದ ಬೇಗ ಖಾಲಿ ಮಾಡಿಬಿಡುತ್ತೆ.

ನಾಲ್ಟ್ರೆಕ್ಸೋನ್ ತಗೊಂಡವರಿಗೆ ಬ್ಲಾಕ್, ಡೈಕ್ಲೋಫಿನಾಕ್, ಕೆಟಮಿನ್ ಇವೇ ದಾರಿ. ಮಾರ್ಫಿನ್ ಹತ್ತಲ್ಲ ಅಂತ ಸುಮ್ನೆ ಮೇಲೆ ಮೇಲೆ ಕೊಡುತ್ತಾ ಹೋದರೆ, ನಾಲ್ಟ್ರೆಕ್ಸೋನ್ ಇಳಿಯುವ ಹೊತ್ತಿಗೆ ಅಷ್ಟೂ ಒಮ್ಮೆಗೇ ಹತ್ತಿ ಉಸಿರು ನಿಲ್ಲಬಹುದು.

ಬೇಡ ಅನ್ನಬೇಕಾದ ಇಂಜೆಕ್ಷನ್‌ಗಳು ಚೀಟಿಯಲ್ಲೇ ಇವೆ. ಅವುಗಳಲ್ಲಿ ಪೆಂಟಜೋಸಿನ್, ಅಂದರೆ ಫೋರ್ಟ್‌ವಿನ್, ನಮ್ಮ ಕಡೆ ಹಳೇ ಪರಿಚಯದ ಹೆಸರು. ಈ ಗುಂಪಿನವು ಸೀಟಿನಲ್ಲಿ ಕೂತವರನ್ನು ತಳ್ಳಿ ತಾವು ಅರ್ಧಂಬರ್ಧ ಕೂರುತ್ತವೆ. ಮೆಥಡೋನ್‌ನಲ್ಲಿರುವವರಿಗೆ ನಿಮಿಷಗಳಲ್ಲಿ ಜೋರು ವಿಡ್ರಾಯಲ್ ಬರುತ್ತೆ. ಮೆಥಡೋನ್ ತಗೊಳ್ಳುವವರಿಗೆ ನೋವಿಗೆಂದು ಬ್ಯೂಪ್ರೆನಾರ್ಫಿನ್ ಕೊಟ್ಟರೂ ಅದೇ ಗತಿ.

ಮನೆಯವರಿಗೆ ಒಂದು ಮಾತು. ಆಕಳಿಕೆ, ಮೂಗು ಸೋರುವುದು, ಮೈಮೇಲೆ ಮುಳ್ಳು ಏಳುವುದು, ಭೇದಿ, ಕಣ್ಣಿನ ಪಾಪೆ ದೊಡ್ಡದಾಗುವುದು ವಿಡ್ರಾಯಲ್ ಲಕ್ಷಣ. ಇವು ಕಂಡರೆ ದಿನದ ಡೋಸ್ ತಪ್ಪಿದೆಯಾ ನೋಡಿ. ಇವು ಯಾವುದೂ ಇಲ್ಲದೆ ಗಾಯದ ಜಾಗ ಹಿಡಿದು ಒದ್ದಾಡುತ್ತಿದ್ದರೆ ಅದು ನೋವೇ. ನೋವಿಗೆ ಸರಿಯಾಗಿ ಔಷಧಿ ಕೊಟ್ಟದ್ದರಿಂದ ಹಳೇ ಚಟಕ್ಕೆ ಬೀಳ್ತಾರೆ ಅನ್ನುವ ಭಯ ದೊಡ್ಡದು, ನನಗೂ ಮೊದಲು ಇತ್ತು. ಈಗ ನನಗೆ ಜಾಸ್ತಿ ಭಯ ಆಗುವುದು ನೋವು ತಡೆಯಲಾರದೆ ವಾರ್ಡಿನಿಂದ ಎದ್ದು ಹೋಗುವವರನ್ನು ನೋಡಿದಾಗ. ಅವರು ಸೀದಾ ಹೋಗುವುದು ಹಳೇ ಜಾಗಕ್ಕೇ.

ಮೊದಲೇ ಗೊತ್ತಿರುವ ಆಪರೇಷನ್ ಆದರೆ

ಒಂದು ವಾರ ಮೊದಲೇ ಅರಿವಳಿಕೆ ಡಾಕ್ಟರನ್ನು ಕಾಣಿ. ಸರ್ಜನ್‌ಗೆ ಹೇಳಿದ್ದು ಅವರಿಗೆ ತಲುಪಿರುತ್ತೆ ಅಂತ ನಂಬಬೇಡಿ.

ಆಪರೇಷನ್‌ಗೆ ಮುಂಚೆ ಬ್ಯೂಪ್ರೆನಾರ್ಫಿನ್ ನಿಲ್ಲಿಸಬೇಕು ಅನ್ನುವುದು ಹಳೇ ಪದ್ಧತಿ. ಅಮೆರಿಕದ ವ್ಯಸನ ವೈದ್ಯರ ಸಂಘ 2020ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಲ್ಲೂ ನಿಲ್ಲಿಸುವ ಅಗತ್ಯ ಇಲ್ಲ ಅಂತಲೇ ಇದೆ. ನಿಲ್ಲಿಸಿದರೆ ಮತ್ತೆ ಶುರು ಮಾಡುವುದೂ ಒಂದು ತಲೆನೋವು. ಮೈಯಲ್ಲಿ ಮಾರ್ಫಿನ್ ತುಂಬಿರುವಾಗ ಹೊಸದಾಗಿ ಬ್ಯೂಪ್ರೆನಾರ್ಫಿನ್ ಇಟ್ಟರೆ ಅದು ಮಾರ್ಫಿನನ್ನು ಒದ್ದು ಓಡಿಸಿ ವಿಡ್ರಾಯಲ್ ತರುತ್ತೆ. ನಿಲ್ಲಿಸದೇ ಇದ್ದರೆ ಈ ರಗಳೆಯೇ ಇಲ್ಲ. ಆಪರೇಷನ್ ದಿನ ಬೆಳಿಗ್ಗೆ ಉಪವಾಸ ಇರಬೇಕಲ್ಲ, ಮಾತ್ರೆ ಹೇಗೆ ಅಂತ ಕೇಳ್ತಾರೆ. ಇದು ನಾಲಿಗೆ ಅಡಿ ಕರಗುವುದು, ನುಂಗುವುದಲ್ಲ. ಅರಿವಳಿಕೆ ಡಾಕ್ಟರನ್ನು ಕೇಳಿ ತಗೊಳ್ಳಿ.

ನಾಲ್ಟ್ರೆಕ್ಸೋನ್ ಮಾತ್ರ ನಿಲ್ಲಿಸಲೇಬೇಕು. ಮಾತ್ರೆಯಾದರೆ 72 ಗಂಟೆ ಮೊದಲು, ತಿಂಗಳಿಗೊಮ್ಮೆಯ ಇಂಜೆಕ್ಷನ್ ಆದರೆ ಕೊನೆಯದು ಹಾಕಿಸಿ ನಾಲ್ಕು ವಾರ ಕಳೆದಮೇಲೆ ಆಪರೇಷನ್. ನಾಲ್ಟ್ರೆಕ್ಸೋನ್ ನಿಂತ ಮೈಗೆ ಓಪಿಯಾಯ್ಡ್ ತಡೆಯುವ ಶಕ್ತಿ ಇರಲ್ಲ. ಹಳೇ ದಿನಗಳ ಅಳತೆಯಲ್ಲಿ ತಗೊಂಡರೆ ಪ್ರಾಣಕ್ಕೇ ಕುತ್ತು. ಆಪರೇಷನ್ ಆಗಿ ಓಪಿಯಾಯ್ಡ್ ಪೂರ್ತಿ ನಿಂತು 7ರಿಂದ 10 ದಿನ ಕಳೆದಮೇಲೆ ಡಾಕ್ಟರು ಮತ್ತೆ ಶುರು ಮಾಡ್ತಾರೆ. ಆ ಮಧ್ಯದ ದಿನಗಳಲ್ಲಿ ಒಬ್ಬರನ್ನೇ ಬಿಡಬೇಡಿ.

ಹೆರಿಗೆಗೂ ಇದೇ ಮಾತು. ಬ್ಯೂಪ್ರೆನಾರ್ಫಿನ್, ಮೆಥಡೋನ್ ಎರಡನ್ನೂ ಬಸುರಿಯಲ್ಲಿ, ಹೆರಿಗೆಯಲ್ಲಿ ಮುಂದುವರಿಸುತ್ತಾರೆ, ಎದೆಹಾಲಿಗೂ ಸಾಮಾನ್ಯವಾಗಿ ಅಡ್ಡಿಯಿಲ್ಲ. ಬೆನ್ನಿಗೆ ಕೊಡುವ ಎಪಿಡ್ಯೂರಲ್ ಚೆನ್ನಾಗಿ ಹಿಡಿಯುತ್ತೆ. ಸಿಸೇರಿಯನ್ ಆದರೆ ನೋವಿನ ಔಷಧಿ ಬೇರೆ ತಾಯಂದಿರಿಗಿಂತ ಜಾಸ್ತಿ ಬೇಕಾಗಬಹುದು. ಮಗುವನ್ನು ಕೆಲವು ದಿನ ಆಸ್ಪತ್ರೆಯಲ್ಲೇ ಇಟ್ಟು ನೋಡ್ತಾರೆ, ಗಾಬರಿಯಾಗಬೇಡಿ.

ಡಿಸ್ಚಾರ್ಜ್ ಆದಮೇಲೆ

ಆಸ್ಪತ್ರೆಯವರು ಓಪಿಯಾಯ್ಡ್ ಮಾತ್ರೆ ಬರೆದುಕೊಟ್ಟರೆ ಎರಡು ಮೂರು ದಿನಕ್ಕೆ ಮಾತ್ರ ಬರೆಯಲು ಕೇಳಿ. ಮಾತ್ರೆ ಅಮ್ಮನ ಹತ್ತಿರವೋ ಅಕ್ಕನ ಹತ್ತಿರವೋ ಇರಲಿ, ಹೊತ್ತಿಗೆ ಸರಿಯಾಗಿ ಅವರೇ ಕೊಡಲಿ. ಇದು ಅಪನಂಬಿಕೆ ಅಲ್ಲ. ಎಷ್ಟೋ ಜನ ತಾವೇ ಬಂದು "ನನ್ನ ಕೈಗೆ ಕೊಡಬೇಡಿ ಅಂತ ಅಮ್ಮಂಗೆ ಹೇಳಿ ಸರ್" ಅಂದಿದ್ದಾರೆ. ನೋವು ನಿಂತಮೇಲೆ ಉಳಿದದ್ದನ್ನು "ಇರಲಿ, ಯಾವಾಗಲಾದರೂ ಬೇಕಾಗುತ್ತೆ" ಅಂತ ಬೀರುವಿನಲ್ಲಿ ಇಡಬೇಡಿ.

ನಿದ್ದೆಗೆ ಅಂತ ಆಲ್ಪ್ರಜೋಲಮ್, ನರಕ್ಕೆ ಅಂತ ಪ್ರಿಗಾಬಲಿನ್ ಕೊಟ್ಟಿದ್ದರೆ ಎಲ್ಲ ಒಟ್ಟಿಗೆ ತಗೊಳ್ಳಬಹುದಾ ಅಂತ ಕೇಳಿಯೇ ತಗೊಳ್ಳಿ. ಅದರ ಮೇಲೆ ಕುಡಿತ ಸೇರಿದರೆ ಉಸಿರಾಟ ನಿಧಾನವಾಗಿ ನಿಂತುಹೋಗಬಹುದು. ಕರೆದರೆ ಏಳದಷ್ಟು ಮಂಪರು, ನಿಮಿಷಕ್ಕೆ ಹತ್ತಕ್ಕಿಂತ ಕಡಿಮೆ ಉಸಿರು, ಗೊರಕೆಯಂಥ ಗೊರಗೊರ ಸದ್ದು, ತುಟಿ ನೀಲಿ, ಪಾಪೆ ಸೂಜಿಮೊನೆಯಷ್ಟು ಸಣ್ಣ. ಇಷ್ಟೂ ಬರಲಿ ಅಂತ ಕಾಯಬೇಡಿ, ಒಂದೆರಡು ಕಂಡರೂ ಮಗ್ಗುಲಾಗಿ ಮಲಗಿಸಿ 108ಕ್ಕೆ ಫೋನ್ ಮಾಡಿ. ಏನೇನು ತಗೊಂಡಿದ್ದಾರೆ ಅಂತ ಮುಚ್ಚಿಡದೆ ಹೇಳಿ, ಓಪಿಯಾಯ್ಡ್‌ನಿಂದ ಹೀಗಾಗಿದ್ದರೆ ನಲಾಕ್ಸೋನ್ ಇಂಜೆಕ್ಷನ್ ಕೊಟ್ಟು ಉಸಿರು ವಾಪಸ್ ತರಬಹುದು.

ಮನೆಗೆ ಬಂದು ಎರಡು ಮೂರು ದಿನದೊಳಗೆ ಡಿಸ್ಚಾರ್ಜ್ ಸಮ್ಮರಿ ಹಿಡಿದು ನಿಮ್ಮ ಚಿಕಿತ್ಸೆಯ ಡಾಕ್ಟರ ಹತ್ತಿರ ಹೋಗಿ. ನಾಲ್ಕು ಪಾಲಾಗಿದ್ದ ಡೋಸನ್ನು ಮತ್ತೆ ಒಂದು ಮಾಡುವುದು ಯಾವಾಗ, ಹೆಚ್ಚಿಸಿದ್ದನ್ನು ಇಳಿಸುವುದು ಹೇಗೆ, ಅವರು ಹೇಳ್ತಾರೆ. ನಿಮಗೆ ಅಂಥ ಡಾಕ್ಟರೇ ಇಲ್ಲ ಅಂದರೆ ಬೆಂಗಳೂರಿನಲ್ಲಿ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಬೇರೆ ಕೇಂದ್ರ ಇದೆ. ಊರಿನಲ್ಲಿದ್ದರೆ 14446 ಮಾದಕವ್ಯಸನದ ಸಹಾಯವಾಣಿ, 14416 ಟೆಲಿ ಮಾನಸ್, ಮಾನಸಿಕ ಆರೋಗ್ಯದ ಸಹಾಯವಾಣಿ. ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಆ ಹುಡುಗನ ಕಾಲಿಗೆ ರಾಡ್ ಹಾಕಿದ್ದರು. ಅದನ್ನು ತೆಗೆಸೋಕೆ ಆಮೇಲೆ ಮತ್ತೆ ಅಡ್ಮಿಟ್ ಆದ, ಬೇರೆ ಆಸ್ಪತ್ರೆಯಲ್ಲಿ. ಈ ಸಲ ಲ್ಯಾಮಿನೇಷನ್ ಮಾಡಿಸಿದ ಚೀಟಿ ಜೇಬಿನಲ್ಲಿತ್ತು. ಅರಿವಳಿಕೆ ಡಾಕ್ಟರು ಓದಿ, ತಮ್ಮ ಮೊಬೈಲಲ್ಲಿ ಅದರ ಫೋಟೋ ತೆಗೆದುಕೊಂಡು, "ಬೆಳಿಗ್ಗೆ ಮಾತ್ರೆ ಇಟ್ಕೊಂಡೇ ಬಾಪ್ಪ" ಅಂದರಂತೆ. ರಾತ್ರಿ ಹತ್ತೂವರೆಗೆ ನನಗೆ ಯಾವ ಫೋನೂ ಬರಲಿಲ್ಲ.